ಪರದೇಶಿಗೆ ಮನೆ ಕೊಟ್ಟವರು

ಥಾಯ್ಲೆಂಡಿನ ಹುವಾ ಹಿನ್‌ನಂಥ ಕಡಲಂಚಿನ ಊರಿನಲ್ಲಿ ಹೊರದೇಶದವನೊಬ್ಬ ಮನೆ ಹಿಡಿದ ಎನ್ನಿ. ಅವನು ಬಂದ 24 ಗಂಟೆಯೊಳಗೆ ಮನೆಯ ಯಜಮಾನ ವಲಸೆ ಕಚೇರಿಗೆ ತಿಳಿಸಬೇಕು. ಆ ಅರ್ಜಿಯ ಹೆಸರು ಟಿಎಂ 30. ಆಮೇಲೆ ಬಾಡಿಗೆಗೆ ಬಂದವನು 90 ದಿನಕ್ಕೊಮ್ಮೆ ‘ಇಲ್ಲೇ ಇದ್ದೇನೆ’ ಎಂದು ತಾನೇ ವರದಿ ಕೊಡುತ್ತಿರಬೇಕು. ಅಲ್ಲಿ ನೆಲೆಸಿದ ವಿದೇಶಿಯರ ಮಾತಿನಲ್ಲಿ ಕಡಲು, ತೆಂಗು, ಅಗ್ಗದ ಊಟ ಬರುವಷ್ಟೇ ಸಲ ಈ ಅರ್ಜಿಯ ಗೋಳೂ ಬರುತ್ತದೆ. ಯಜಮಾನ ಅಸಡ್ಡೆ ಮಾಡಿದರೆ ಬಾಡಿಗೆದಾರನ ವೀಸಾ ಕೆಲಸ ಕಚೇರಿಯ ಕಿಟಕಿಯಲ್ಲೇ ನಿಂತುಬಿಡುತ್ತದೆ.

ಹೆಚ್ಚುಕಡಿಮೆ ಇದೇ ಕಾನೂನು ಬೆಂಗಳೂರಿನ ಜೆ.ಪಿ. ನಗರದಲ್ಲೂ ಇದೆ. ವಿದೇಶಿಯೊಬ್ಬರಿಗೆ ಮನೆಯನ್ನೋ ಕೋಣೆಯನ್ನೋ ಕೊಟ್ಟವರು 24 ಗಂಟೆಯೊಳಗೆ ‘ಫಾರ್ಮ್ ಸಿ’ ಎಂದು ರೂಢಿಯಲ್ಲಿರುವ ಅರ್ಜಿ ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ, ಅಂದರೆ ಎಫ್‌ಆರ್‌ಆರ್‌ಒಗೆ ಕಳಿಸಬೇಕು. 180 ದಿನಕ್ಕಿಂತ ಹೆಚ್ಚು ಕಾಲದ ವೀಸಾ ಮೇಲೆ ಓದಲು, ದುಡಿಯಲು ಬಂದವರು 14 ದಿನಗಳಲ್ಲಿ ತಾವೂ ನೋಂದಾಯಿಸಿಕೊಳ್ಳಬೇಕು. 2018ರಿಂದ ಈ ನೋಂದಣಿಯೂ ಆನ್‌ಲೈನಿನಲ್ಲೇ ಆಗುತ್ತದೆ. ಆದರೆ ಅರ್ಜಿಯ ಜತೆ ವಾಸದ ಪುರಾವೆ ಬೇಕು, ಆ ಪುರಾವೆ ಮನೆ ಓನರ್ ಕೈಯಲ್ಲಿದೆ. ಸರ್ಕಾರ ದೇಶದ ಬಾಗಿಲನ್ನು ಕಾಯುತ್ತದೆ. ನಮ್ಮ ಬಡಾವಣೆಗಳ ಬಾಗಿಲು ಕಾಯುವವರು ಓನರ್‌ಗಳು. ಹೊರಗಿನಿಂದ ಬಂದವರು ಇಲ್ಲಿ ಬಾಳುತ್ತಾರೋ, ಬರೀ ದಿನ ನೂಕುತ್ತಾರೋ ಎಂಬುದು ಆ ಎರಡನೇ ಬಾಗಿಲಿನಲ್ಲಿ ತೀರ್ಮಾನವಾಗುತ್ತದೆ. ಬನಶಂಕರಿ ಎರಡನೇ ಹಂತದಲ್ಲಿ, ಮಹಡಿಯನ್ನು ಬಾಡಿಗೆಗೆ ಕೊಡುವ ಮನೆಯಲ್ಲೇ ಬೆಳೆದವನಾದ್ದರಿಂದ ಈ ಮಾತನ್ನು ನಾನು ಖಚಿತವಾಗಿ ಹೇಳಬಲ್ಲೆ.

ದಕ್ಷಿಣ ಬೆಂಗಳೂರಿನಲ್ಲಿ ವಿದೇಶಿಯರು ಎಲ್ಲಿದ್ದಾರೆ ಎಂದು ಕೇಳುವವರಿದ್ದಾರೆ. ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಕಾಣುವಂತೆ ಇಲ್ಲಿ ಅವರು ಎದ್ದು ಕಾಣುವುದಿಲ್ಲ, ಅಷ್ಟೆ. ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ, ಜಯನಗರದ ಜೈನ್, ಹೊಸೂರು ರಸ್ತೆಯ ಕ್ರೈಸ್ಟ್ ಈ ವಿದ್ಯಾಸಂಸ್ಥೆಗಳ ಸುತ್ತಲಿನ ಅಡ್ಡರಸ್ತೆಗಳಲ್ಲಿ ಆಫ್ರಿಕಾ, ಪಶ್ಚಿಮ ಏಷ್ಯಾದ ದೇಶಗಳಿಂದ ಬಂದ ಹುಡುಗರು ಮೂರು ನಾಲ್ಕು ಜನ ಸೇರಿ ಮನೆ ಮಾಡಿಕೊಂಡಿರುತ್ತಾರೆ. ಕನಕಪುರ ರಸ್ತೆಯ 21ನೇ ಕಿಲೋಮೀಟರಿನಲ್ಲಿರುವ ಆರ್ಟ್ ಆಫ್ ಲಿವಿಂಗ್ ಆಶ್ರಮದ ಆಸುಪಾಸಿನಲ್ಲಿ ಬಿಳಿಯರು ಸೊಪ್ಪು ಕೊಳ್ಳುವುದು, ಆಟೋದವರೊಡನೆ ಚೌಕಾಸಿ ಮಾಡುವುದು ಯಾರಿಗೂ ವಿಶೇಷವಾಗಿ ಕಾಣುವುದಿಲ್ಲ. ನೇಪಾಳದವರಂತೂ ಎಲ್ಲ ಕಡೆ ಇದ್ದಾರೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವವರು, ದರ್ಶಿನಿಯ ಅಡುಗೆಮನೆಯಲ್ಲಿ ದೋಸೆ ಹುಯ್ಯುವವರು, ಸಂಜೆ ಮೋಮೊ ಗಾಡಿ ನಿಲ್ಲಿಸುವವರು. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಇವರಿಗೆ ವೀಸಾ ಬೇಡ. ಇಲ್ಲಿ ವಾಸಿಸುವುದಕ್ಕೆ, ವ್ಯಾಪಾರ ಮಾಡುವುದಕ್ಕೆ ಆ ಒಪ್ಪಂದದಲ್ಲೇ ಅವಕಾಶವಿದೆ. ಕಾನೂನು ಇಷ್ಟು ಸಲೀಸಾಗಿದ್ದರೂ ಅವರ ಸಂಸಾರಗಳು ಎಷ್ಟೋ ಕಡೆ ವಾಸಿಸುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕದ ಒಂದೇ ಕೋಣೆಯಲ್ಲಿ.

ಇನ್ನು ಟಿಬೆಟಿನವರು. ಪಿರಿಯಾಪಟ್ಟಣದ ಹತ್ತಿರ ಬೈಲುಕುಪ್ಪೆಯಲ್ಲಿ 1960ರ ಸುಮಾರಿಗೆ ನಿರಾಶ್ರಿತರ ಮೊದಲ ಗುಂಪುಗಳು ಕಾಡು ಕಡಿದು ಜೋಳ ಬಿತ್ತಲು ತೊಡಗಿದವು. ಮುಂಡಗೋಡ, ಕೊಳ್ಳೇಗಾಲದ ಕಡೆಯ ಶಿಬಿರಗಳು ಅನಂತರ ಬಂದವು. ಅವರ ಮೊಮ್ಮಕ್ಕಳು ಇವತ್ತು ಬೆಂಗಳೂರಿನಲ್ಲಿ ನರ್ಸುಗಳು, ಬ್ಯೂಟಿ ಪಾರ್ಲರ್ ಕೆಲಸಗಾರರು, ಬಿ.ಕಾಂ. ವಿದ್ಯಾರ್ಥಿಗಳು. ಅವರ ಕನ್ನಡ ಮೈಸೂರು ಸೀಮೆಯದು, ‘ಬತ್ತೀವಿ, ಓಯ್ತೀವಿ’ ಎನ್ನುವ ಅಚ್ಚ ಹಳ್ಳಿ ಮಾತು. ಆದರೂ ಬಹುಪಾಲು ಜನರ ಕೈಯಲ್ಲಿ ಇರುವುದು ವಿದೇಶಿಯರ ನೋಂದಣಿ ಪುಸ್ತಕ, ‘ಆರ್‌ಸಿ’. ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ನಮ್ಮ ಹೈಕೋರ್ಟೇ 2013ರಲ್ಲಿ ತೀರ್ಪು ಕೊಟ್ಟಿದೆ. 1987ರ ಅನಂತರ ಇದೇ ಕರ್ನಾಟಕದ ಆಸ್ಪತ್ರೆಗಳಲ್ಲಿ ಹುಟ್ಟಿದವರಿಗೆ ಆ ಹಕ್ಕು ಹಾಗೆ ಸಿಗುವುದಿಲ್ಲ. ಅಂಥ ಹುಡುಗಿಯೊಬ್ಬಳು ಬಿಟಿಎಂ ಬಡಾವಣೆಯಲ್ಲಿ ಮನೆ ಕೇಳಲು ಹೋದರೆ ಓನರ್ ಹಿಂದಿಯಲ್ಲಿ ಮಾತು ಶುರುಮಾಡುತ್ತಾರೆ, ಅವಳು ಕನ್ನಡದಲ್ಲಿ ಉತ್ತರಿಸುತ್ತಾಳೆ. ಪಕ್ಕದ ಮಹಡಿಯಲ್ಲಿ ಕನ್ನಡದ ಒಂದಕ್ಷರ ಬಾರದ ಇಂಜಿನಿಯರು ನಿಶ್ಚಿಂತೆಯಿಂದ ಸಹಿ ಹಾಕಿ ಬೀಗದ ಕೈ ಪಡೆದಿರುತ್ತಾನೆ. ಭಾಷೆ ಕಲಿತರೆ ಊರು ಒಲಿಯುತ್ತದೆ ಎಂದು ನಾವು ಬಂದವರಿಗೆಲ್ಲ ಹೇಳುತ್ತೇವೆ. ಕಲಿಯಬೇಕು, ಆ ಮಾತು ನಿಜ. ಆದರೆ ಕಲಿತವರನ್ನೂ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹೊಸ್ತಿಲಲ್ಲಿ ನಡೆಯುವ ಆ ವಿಚಾರಣೆ ಯಾವ ವೀಸಾ ಸಂದರ್ಶನಕ್ಕೂ ಕಡಿಮೆಯದಲ್ಲ. ಎಲ್ಲಿ ಕೆಲಸ, ಸಂಬಳ ಎಷ್ಟು, ಮದುವೆ ಆಗಿದೆಯಾ, ರಾತ್ರಿ ಎಷ್ಟು ಗಂಟೆಗೆ ಬರ್ತೀರಿ, ನಾನ್‌ವೆಜ್ ಮಾಡ್ತೀರಾ. ಎಲ್ಲ ಮುಗಿದ ಮೇಲೆ, ದನಿ ಸ್ವಲ್ಪ ತಗ್ಗಿಸಿ, ‘ನಿಮ್ಮದು ಯಾವ ಪೈಕಿ?’ ಈ ಕೊನೆಯ ಪ್ರಶ್ನೆ ವಿದೇಶಿಯರಿಗೆ ಬರುವುದಿಲ್ಲ. ದಾವಣಗೆರೆಯಿಂದ ಬಂದ ಮುಸ್ಲಿಂ ಬ್ಯಾಂಕ್ ನೌಕರನಿಗೆ, ಚಾಮರಾಜನಗರದಿಂದ ಬಂದ ದಲಿತ ಉಪನ್ಯಾಸಕಿಗೆ ಬರುತ್ತದೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಜಯನಗರದಲ್ಲಿ ಎಷ್ಟು ಮಾಮೂಲಿ ಎಂದರೆ ಅದನ್ನು ಯಾರೂ ಓದುವುದೇ ಇಲ್ಲ. ಅದನ್ನು ಓದಿ ಗೇಟು ತಟ್ಟದೆ ಹಿಂದಿರುಗುವವರಲ್ಲಿ ಈ ರಾಜ್ಯದಲ್ಲೇ ಹುಟ್ಟಿ ಬೆಳೆದವರು ಎಷ್ಟು ಮಂದಿಯೋ. ಸ್ವಂತ ನಾಡಿನ ರಾಜಧಾನಿಯಲ್ಲಿ ಪರದೇಶಿಯಾಗುವ ಸಂಕಟಕ್ಕೆ ಯಾವ ಎಫ್‌ಆರ್‌ಆರ್‌ಒದಲ್ಲೂ ಅರ್ಜಿಯಿಲ್ಲ.

ದುಡ್ಡಿನ ಮಾತಿಗೆ ಬಂದರೆ ನಮ್ಮ ಊರು ಲೋಕಕ್ಕೇ ಅಪರೂಪದ್ದು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ಪದ್ಧತಿ ಬೆಂಗಳೂರಿನಲ್ಲಿ ಬೇರೂರಿದೆ. 30 ಸಾವಿರ ಬಾಡಿಗೆ ಎಂದರೆ ಮೂರು ಲಕ್ಷ. ಅದರ ಮೇಲೆ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಬಿಡುವಾಗ ಬಣ್ಣ ಹೊಡೆಸುವುದಕ್ಕೆಂದು ಇನ್ನೊಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ, ಎರಡು ವರ್ಷದಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯದಿದ್ದರೂ ಅಷ್ಟೆ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ. ಪಾಲಿಸಬೇಕಾದರೆ ರಾಜ್ಯಗಳು ತಮ್ಮ ಕಾನೂನಿನೊಳಗೆ ತಂದುಕೊಳ್ಳಬೇಕು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬಂದಾಗ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಅದರ ಹೊರಗಿಟ್ಟರು. ಆ ಕಾಲಕ್ಕೆ ಅದು ಮಧ್ಯಮ ವರ್ಗದವರ ಬಾಡಿಗೆ. ಈಗ ಆ ಮೊತ್ತಕ್ಕೆ ಬನಶಂಕರಿಯಲ್ಲಿ ಒಂದು ಸ್ನಾನದ ಮನೆಯೂ ಸಿಗದು. ಅಲ್ಲಿಗೆ ಈ ಬಡಾವಣೆಗಳ ಬಾಡಿಗೆದಾರರು ಆ ಕಾಯ್ದೆಯ ನೆರಳಿನಿಂದಲೇ ಆಚೆಗಿದ್ದಾರೆ. ಕರಾರು 11 ತಿಂಗಳಿಗೆ ಇರುವುದಕ್ಕೂ ಕಾರಣವಿದೆ. ಒಂದು ವರ್ಷ ಮೀರುವ ಗೇಣಿಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ಹೀಗೆ ಪ್ರತಿ 11 ತಿಂಗಳಿಗೊಮ್ಮೆ ಬಾಡಿಗೆದಾರ ಮತ್ತೆ ಹೊಸಬನಾಗುತ್ತಾನೆ.

ನಮ್ಮಲ್ಲಿ ‘ಭೋಗ್ಯ’ವೂ ಇದೆ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುವುದು. ದಕ್ಷಿಣ ಕೊರಿಯಾದಲ್ಲೂ ‘ಜಾನ್ಸೆ’ ಎಂಬ ಹೆಸರಿನಲ್ಲಿ ಇದೇ ನಡೆಯುತ್ತದೆ. ಅಲ್ಲಿ ಇತ್ತೀಚೆಗೆ ಮನೆ ಯಜಮಾನರು ಠೇವಣಿ ಹಿಂದಿರುಗಿಸದೆ ಕೈಯೆತ್ತಿ ಸಾವಿರಾರು ಕುಟುಂಬಗಳು ಬೀದಿಗೆ ಬಂದು, 2023ರಲ್ಲಿ ಸರ್ಕಾರ ಸಂತ್ರಸ್ತರಿಗಾಗಿ ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಇಲ್ಲಿನ ಭೋಗ್ಯದವರಿಗೆ ಅಂಥ ರಕ್ಷಣೆಯಿಲ್ಲ. ಓನರ್ ಮಾಡಿದ ಬ್ಯಾಂಕ್ ಸಾಲ ತೀರದೆ ಮನೆ ಹರಾಜಿಗೆ ಬಂದರೆ, ಭೋಗ್ಯಕ್ಕೆ ದುಡ್ಡು ಕಟ್ಟಿದವರು ಒಂದು ಕಡೆ ಬ್ಯಾಂಕಿಗೂ ಇನ್ನೊಂದು ಕಡೆ ಕೋರ್ಟಿಗೂ ಅಲೆಯುತ್ತಾರೆ. ಊರಿಗೆ ಹೊಸಬರಾದವರಿಗೆ ಖಾತೆ, ಋಣಭಾರ ಪತ್ರ ನೋಡಿ ಮನೆ ಹಿಡಿಯಬೇಕೆಂದು ಹೇಳಿಕೊಡುವವರು ಯಾರು?

ಇಷ್ಟೆಲ್ಲ ಹೇಳಿದ ಮೇಲೂ ಬಿಟಿಎಂ ಬಡಾವಣೆಗೆ ನನ್ನ ಮನಸ್ಸಿನಲ್ಲಿ ದೊಡ್ಡ ಜಾಗವಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಕಟ್ಟಿಕೊಂಡ ಊರು ಅದು. ಹೊಲಗದ್ದೆ ಬಡಾವಣೆಯಾದ ಮೇಲೆ ಹಳ್ಳಿಯ ಹಳಬರಿಗೆ ಉಳಿದದ್ದು ಊರೊಳಗಿನ ಸಣ್ಣ ನಿವೇಶನಗಳು. ರಾಗಿ ಬೆಳೆಯುತ್ತಿದ್ದವರು ಅದರ ಮೇಲೆ ನಾಲ್ಕೈದು ಅಂತಸ್ತು ಎತ್ತಿ ಬಾಡಿಗೆಯಲ್ಲಿ ಬದುಕು ಕಟ್ಟಿಕೊಂಡರು. ಕೆಳಗಡೆ ಅವರದ್ದೇ ಮನೆ, ಹಟ್ಟಿಯಿದ್ದಲ್ಲಿ ಕಾರು, ಮೇಲೆಲ್ಲ ಪಿ.ಜಿ. ಜಯನಗರದ ಹಾಗೆ ಅಲ್ಲಿ ‘ಯಾವ ಪೈಕಿ’ ಎಂಬ ವಿಚಾರಣೆ ಅಷ್ಟಾಗಿ ಇಲ್ಲ. ಬಾಡಿಗೆ ಬಂದರೆ ಸಾಕು ಎಂಬ ವ್ಯವಹಾರ ಇದ್ದಿರಬಹುದು. ಆದರೆ ಆ ವ್ಯವಹಾರ ಎಷ್ಟೋ ಮಂದಿಗೆ ಸೂರು ಕೊಟ್ಟಿದೆ ಎಂಬುದನ್ನು ನಾನು ಗೌರವದಿಂದಲೇ ಹೇಳುತ್ತೇನೆ.

ಉಡುಪಿ ಗಾರ್ಡನ್ ಸಿಗ್ನಲ್ಲಿನಿಂದ ತಾವರೆಕೆರೆ ಕಡೆಗೆ ಒಂದು ಸಂಜೆ ನಡೆದು ನೋಡಿ. ಒಡಿಶಾದವರ ಮಿಠಾಯಿ, ಬಂಗಾಳಿಗಳ ಮೀನು, ಮಲಯಾಳಿಗಳ ನೇಂದ್ರ ಚಿಪ್ಸು, ಆಂಧ್ರ ಮೆಸ್ಸಿನ ಪಪ್ಪು ಎಲ್ಲ ಒಂದೇ ಬೀದಿಯಲ್ಲಿ. ಒಂದು ಅಂಗಡಿಯಲ್ಲಿ ಈಶಾನ್ಯದವರಿಗಾಗಿ ಒಣಮೀನು, ಹುಳಿ ಬರಿಸಿದ ಬಿದಿರು ಕಳಲೆ, ನಾಗಾಲ್ಯಾಂಡಿನವರ ಅಖುನಿ ಇಟ್ಟಿರುತ್ತಾರೆ. ಅಖುನಿ ಎಂದರೆ ಹುದುಗಿಸಿದ ಸೋಯಾ ಕಾಳು. ಬೇಯುವಾಗ ಅದರ ವಾಸನೆ ಮೂರು ಮನೆಯಾಚೆಗೂ ಮುಟ್ಟುತ್ತದೆ. ಈ ವಾಸನೆಯ ಕಾರಣಕ್ಕೇ ಮನೆ ಬಿಡಿಸಿದ ಉದಾಹರಣೆಗಳುಂಟು. ಮಲೆನಾಡಿನಲ್ಲಿ ಮಳೆಗಾಲದ ಕಳಲೆ ಪಲ್ಯ ತಿಂದು ಬೆಳೆದವರು, ಕರಾವಳಿಯಲ್ಲಿ ಒಣಮೀನಿನ ಚಟ್ನಿ ಚಪ್ಪರಿಸಿದವರು ನಮ್ಮಲ್ಲೇ ಇದ್ದಾರಲ್ಲ, ಅವರಾದರೂ ಪಕ್ಕದ ಮನೆಯವರಿಗೆ ಎರಡು ಮಾತು ಹೇಳಬಹುದು.

ಹೊಸಬರ ದಿನಚರಿಯ ಕಷ್ಟಗಳೇ ಬೇರೆ. ವಿಳಾಸದ ಪುರಾವೆಯಿಲ್ಲದೆ ಗ್ಯಾಸ್ ಸಂಪರ್ಕ ಸಿಗುವುದಿಲ್ಲ. 2013ರಲ್ಲಿ 5 ಕಿಲೋ ಸಿಲಿಂಡರು ಗುರುತಿನ ಚೀಟಿಯೊಂದರ ಮೇಲೆ ಸಿಗುವಂತಾದದ್ದು ಇಂಥವರಿಗೆ ದೊಡ್ಡ ಅನುಕೂಲ. ಕಾವೇರಿ ನೀರು ಬರುವ ಹೊತ್ತು, ಸಂಪಿನ ಮೋಟಾರು ಹಾಕುವ ಸರದಿ, ಬೆಸ್ಕಾಂ ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದು, ಇವನ್ನೆಲ್ಲ ಕೇಳಿ ಕೇಳಿಯೇ ತಿಳಿಯಬೇಕು. ಬೆಳಿಗ್ಗೆ ಕಸದ ಗಾಡಿಯ ಜತೆ ಬರುವ ಪೌರಕಾರ್ಮಿಕ ಮಹಿಳೆಯೇ ಎಷ್ಟೋ ಜನಕ್ಕೆ ಮೊದಲ ಕನ್ನಡ ಮೇಷ್ಟರು. ‘ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಪ್ಪಾ’ ಎಂದು ಆಕೆ ದಿನಾ ಹೇಳಿದ ನಾಲ್ಕು ಮಾತು ಅವರ ನಾಲಗೆಯಲ್ಲಿ ಕೂರುತ್ತದೆ. ಪಿ.ಜಿ.ಗಳಲ್ಲಿ ಇರುವವರಿಗೆ ಅದೂ ಇಲ್ಲ. ಒಂದು ಮಂಚ, ಒಂದು ಕಬ್ಬಿಣದ ಬೀರು, ಬೆಳಗಿನ ಚಿತ್ರಾನ್ನ. 2024ರಲ್ಲಿ ಪಿ.ಜಿ.ಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಪಾಲಿಕೆ ನಿಯಮ ಬಿಗಿ ಮಾಡಿತು: ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ. ಆ ಅಳತೆಯನ್ನು ಹಿಡಿದು ಹೋಗಿ ನೋಡಿದರೆ ಎಷ್ಟು ಕೋಣೆಗಳಲ್ಲಿ ಮೂರನೇ ಮಂಚ ಉಳಿದೀತು?

ಮನೆ ಕೊಡುವುದು ಎಂದರೆ ಏನೆಂಬುದು 2012ರ ಆಗಸ್ಟಿನಲ್ಲಿ ಈ ಊರಿಗೆ ಗೊತ್ತಾಯಿತು. ಅಸ್ಸಾಮಿನ ಕೊಕ್ರಜಾರ್‌ನಲ್ಲಿ ಜುಲೈನಲ್ಲಿ ಗಲಭೆಯಾಗಿತ್ತು. ಅದರ ಸೇಡು ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ತೀರುತ್ತದೆ, ರಂಜಾನ್ ಮುಗಿಯುವುದರೊಳಗೆ ಊರು ಬಿಡಿ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಸ್ವಾತಂತ್ರ್ಯ ದಿನಾಚರಣೆಯಂದು ಸಂಜೆ ಸಿಟಿ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರ್ನಾಲ್ಕು ದಿನಗಳಲ್ಲಿ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು, ರೈಲ್ವೆ ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನ ಸಗಟು ಎಸ್‌ಎಂಎಸ್ ನಿಲ್ಲಿಸಿ, ಒಮ್ಮೆಗೆ ಐದಕ್ಕಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ಸಲೂನುಗಳು, ಹೋಟೆಲುಗಳು, ಸೆಕ್ಯುರಿಟಿ ಏಜೆನ್ಸಿಗಳು ಕೆಲಸಗಾರರಿಲ್ಲದೆ ಬಣಗುಟ್ಟಿದವು.

ಆ ವಾರ ಓನರ್‌ಗಳಲ್ಲಿ ಎರಡು ಬಗೆ ಕಂಡಿತು. ‘ನಮಗ್ಯಾಕೆ ತೊಂದರೆ, ಸ್ವಲ್ಪ ದಿನ ಊರಿಗೆ ಹೋಗಿಬನ್ನಿ’ ಎಂದವರು ಒಂದು ಬಗೆ. ಅವರೇನು ಕೆಟ್ಟವರಲ್ಲ, ಹೆದರಿದ್ದರು. ಇನ್ನೊಂದು ಬಗೆ ನಾನು ಕಂಡದ್ದು ತಾವರೆಕೆರೆಯಲ್ಲಿ. ಅಲ್ಲಿನ ನನ್ನ ಪರಿಚಯದ ಮನೆಯಲ್ಲಿ ಮಣಿಪುರದ ನಾಲ್ವರು ಹುಡುಗಿಯರಿದ್ದರು. ಚೀಲ ಕಟ್ಟಿಕೊಂಡು ಕೆಳಗಿಳಿದವರನ್ನು ಆ ಮನೆಯ ಅಜ್ಜಿ ಗೇಟಿನಲ್ಲೇ ತಡೆದು, ‘ಎಲ್ಲಿಗೆ ಓಯ್ತೀರವ್ವಾ, ನಮ್ಮನ್ನ ದಾಟ್ಕೊಂಡು ಯಾವನು ಬತ್ತಾನೆ ನೋಡೇ ಬುಡ್ತೀನಿ’ ಎಂದು ತಮ್ಮ ನಡುಮನೆಯಲ್ಲೇ ಮಲಗಿಸಿಕೊಂಡರು. ಅವರಿಗೆ ಹಿಂದಿ ಬಾರದು, ಹುಡುಗಿಯರಿಗೆ ಆಗ ಕನ್ನಡ ಬಾರದು. ಭಯ ಇಳಿಯುವ ತನಕ ಮಗ ಅವರನ್ನು ಕೆಲಸದ ಜಾಗಕ್ಕೆ ಬಿಟ್ಟು ಕರೆತರುತ್ತಿದ್ದ. ಕಾನೂನು, ಕರಾರು, ಅಡ್ವಾನ್ಸು ಯಾವುದರಲ್ಲೂ ಬರೆದಿರದ ಕರ್ತವ್ಯ ಅದು.

ಪರದೇಶದಿಂದ ಬಂದವರು ಈ ದಿಕ್ಕಿನಲ್ಲಿ ಬೇರೂರಿದ ಹಳೆಯ ಕಥೆಯೊಂದನ್ನು ಇಲ್ಲಿ ಹೇಳಲೇಬೇಕು. ಕನಕಪುರ ರಸ್ತೆಯ ತಾತಗುಣಿ ತೋಟ ಅದರ ಜಾಗ. 1904ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್, 1945ರಲ್ಲಿ ನಟಿ ದೇವಿಕಾ ರಾಣಿಯನ್ನು ಮದುವೆಯಾಗಿ, ಕೆಲವು ವರ್ಷಗಳ ಅನಂತರ ಇಲ್ಲಿಗೆ ಬಂದು ನೆಲೆಸಿದರು. ನಾನೂರಕ್ಕೂ ಹೆಚ್ಚು ಎಕರೆಯ ಆ ತೋಟದಲ್ಲಿ ಮೆಕ್ಸಿಕೊ ಮೂಲದ ಲಿನಲೋ ಗಿಡ ಬೆಳೆಸಿ ಅದರ ಸುಗಂಧ ತೈಲ ತೆಗೆಸುತ್ತಿದ್ದರು. ರೋರಿಕ್ ಬಹಳ ಕಾಲ ಚಿತ್ರಕಲಾ ಪರಿಷತ್ತಿನ ಜತೆ ಒಡನಾಡಿದರು. ಅವರ ಹೆಸರಿನ ಗ್ಯಾಲರಿ ಇಂದಿಗೂ ಅಲ್ಲಿದೆ. 1993ರಲ್ಲಿ ಅವರು, ಮರುವರ್ಷ ದೇವಿಕಾ ರಾಣಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿಗೆ ಹಕ್ಕುದಾರರು ಎದ್ದರು, 1996ರಲ್ಲಿ ರಾಜ್ಯ ಸರ್ಕಾರ ತೋಟವನ್ನು ವಹಿಸಿಕೊಳ್ಳಲು ಕಾಯ್ದೆ ಮಾಡಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೂ ಹೋಗಿ 2011ರ ಆಗಸ್ಟಿನಲ್ಲಿ ಸರ್ಕಾರದ ಪರವಾಗಿ ಮುಗಿಯಿತು. ಆಸ್ತಿಯ ಹಕ್ಕಿನ ಬಗ್ಗೆ ಓದುವ ಕಾನೂನು ವಿದ್ಯಾರ್ಥಿಗಳು ದೇಶದುದ್ದಕ್ಕೂ ಈ ತೀರ್ಪನ್ನು ಓದುತ್ತಾರೆ. ಅದರ ಹಿಂದೆ ಇರುವುದು ಬೆಂಗಳೂರನ್ನು ಮನೆ ಮಾಡಿಕೊಂಡ ರಷ್ಯನ್ನನೊಬ್ಬನ ತೋಟ ಎಂಬುದು ನಮಗೆ ನೆನಪಿರಬೇಕು. ದುಡ್ಡು, ಹೆಸರು ಇದ್ದ ಪರದೇಶಿಗೆ ಈ ಊರು ನೂರಾರು ಎಕರೆಯ ಬಾಗಿಲು ತೆರೆಯಿತು. ಇವತ್ತಿನ ಪರದೇಶಿ ಕೇಳುತ್ತಿರುವುದು ಒಂದು ಬೆಡ್‌ರೂಮು.

ಜಯನಗರದ ಹಿರಿಯರಿಗೆ ಈ ಕಷ್ಟ ತಿಳಿಯದ್ದಲ್ಲ. 1948ರಲ್ಲಿ ಆ ಬಡಾವಣೆಗೆ ಅಡಿಗಲ್ಲು ಬಿದ್ದಾಗ ಅದು ಊರಾಚೆಯ ಬಯಲು. ಹಾಸನ, ಕೋಲಾರ, ಮೈಸೂರು ಕಡೆಗಳಿಂದ ಬಂದ ಗುಮಾಸ್ತರು, ಮೇಷ್ಟರುಗಳು ಅಲ್ಲಿ ಹೊಸಬರಾಗಿಯೇ ಮನೆ ಕಟ್ಟಿದರು. ಈಗ ಅವರ ಮೊಮ್ಮಕ್ಕಳು ಅಮೆರಿಕದ ಸನ್ನಿವೇಲ್‌ನಲ್ಲಿ, ಡಲ್ಲಾಸ್‌ನಲ್ಲಿ ಬಾಡಿಗೆ ಮನೆ ಹುಡುಕಿದವರು. ಕ್ರೆಡಿಟ್ ಇತಿಹಾಸವಿಲ್ಲವೆಂದು ಮನೆ ಸಿಗದೆ ಮಗ ಒದ್ದಾಡಿದ್ದನ್ನು, ಒಗ್ಗರಣೆ ಹೊಗೆಗೆ ಅಲಾರಂ ಹೊಡೆದುಕೊಂಡು ಪಕ್ಕದವರು ದೂರು ಕೊಟ್ಟದ್ದನ್ನು, ಆರು ತಿಂಗಳ ಮಟ್ಟಿಗೆ ಬಾಣಂತನಕ್ಕೆ ಹೋಗಿಬಂದ ತಾಯಂದಿರು ಪಾರ್ಕಿನ ಬೆಂಚಿನ ಮೇಲೆ ಕೂತು ಹೇಳಿಕೊಳ್ಳುತ್ತಾರೆ. ಅವರಲ್ಲೊಬ್ಬರು ನನಗೆ ಅಕ್ಕನ ಸಮಾನ. ಅಮೆರಿಕದಿಂದ ಬಂದ ಮೇಲೆ ತಮ್ಮ ಗೇಟಿನ ‘ಸಸ್ಯಾಹಾರಿಗಳಿಗೆ ಮಾತ್ರ’ ಬೋರ್ಡನ್ನು ಇಳಿಸಿದರು. ಈಗ ಮೇಲಿನ ಮನೆಯಲ್ಲಿ ಸೂಡಾನಿನ ಇಬ್ಬರು ವಿದ್ಯಾರ್ಥಿಗಳಿದ್ದಾರೆ. ಫಾರ್ಮ್ ಸಿ ತುಂಬಲು ನಾನೇ ಜತೆಗೆ ಕೂತಿದ್ದೆ. ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ, ಬಂದ ದಿನ, ಒಂದು ಫೋಟೋ, ಅಷ್ಟೆ. ಪೊಲೀಸರು ಮನೆಗೆ ಬರುತ್ತಾರೆ, ರಗಳೆಯಾಗುತ್ತದೆ ಎಂದು ಹೆದರಿಯೇ ವಿದೇಶಿಯರಿಗೆ ಮನೆ ನಿರಾಕರಿಸುವ ಓನರ್‌ಗಳು ಇದನ್ನು ಒಮ್ಮೆ ಮಾಡಿ ನೋಡಬೇಕು.

ರಾಜ್ಯ ಸರ್ಕಾರವೂ ಮಾಡಬೇಕಾದದ್ದಿದೆ. 3,500 ರೂಪಾಯಿಯ ಆ ಹಳೆಯ ಗೆರೆಯನ್ನು ಅಳಿಸಿ, ಅಡ್ವಾನ್ಸಿಗೆ ಮಿತಿ ಹಾಕಿ, ಠೇವಣಿ ಹಿಂದಿರುಗಿಸಲು ಗಡುವು ಕೊಡಬೇಕು. ಹಳದಿ ಮೆಟ್ರೊ ಮಾರ್ಗ 2025ರ ಆಗಸ್ಟಿನಲ್ಲಿ ಓಡತೊಡಗಿದ ಮೇಲೆ ರಾಗಿಗುಡ್ಡ, ಜಯದೇವ, ಬಿಟಿಎಂ ನಿಲ್ದಾಣಗಳ ಸುತ್ತ ಬಾಡಿಗೆಯ ಬೇಡಿಕೆ ಇನ್ನೂ ಏರುತ್ತದೆ. ಹೊಸಬರು ಇನ್ನೂ ಬರುತ್ತಾರೆ.

ತಾವರೆಕೆರೆಯ ಆ ಅಜ್ಜಿ ಈಗಿಲ್ಲ. ಮನೆ ಮಗನ ಹೆಸರಿಗೆ ಬಂದಿದೆ. 2012ರ ನಾಲ್ವರು ಮದುವೆಯಾಗಿ, ಕೆಲಸ ಬದಲಿಸಿ ಹೋದರು. ಹೋಗುವಾಗ ತಮ್ಮ ಊರಿನ ಇನ್ನಿಬ್ಬರನ್ನು ಕರೆತಂದು ಬಿಟ್ಟರು, ಅವರು ಮತ್ತಿಬ್ಬರನ್ನು. ಇಂಫಾಲದ ಕಡೆಯ ಯಾವುದೋ ಬೀದಿಯಲ್ಲಿ ಈ ಮನೆಯ ವಿಳಾಸ ಬಾಯಿಂದ ಬಾಯಿಗೆ ದಾಟುತ್ತಿದೆ. ಬ್ರೋಕರಿಗೆ ಕಮಿಷನ್ ಕೊಡುವ ಪ್ರಮೇಯವೇ ಅವರಿಗೆ ಬಂದಿಲ್ಲ. ಮಗ ಅಡ್ವಾನ್ಸನ್ನು ಮೂರು ತಿಂಗಳಿಗೆ ಇಳಿಸಿದ್ದಾನೆ, ಬಣ್ಣದ ದುಡ್ಡು ಮುರಿದುಕೊಳ್ಳುವುದಿಲ್ಲ. ನಷ್ಟವಾಗಲಿಲ್ಲವೇ ಎಂದು ಕೇಳಿದೆ. ‘ಯಾವ ನಷ್ಟ ಸಾರ್, ಇಷ್ಟು ವರ್ಷದಲ್ಲಿ ಮನೆ ಒಂದು ತಿಂಗಳು ಖಾಲಿ ಬಿದ್ದಿಲ್ಲ’ ಎಂದ.